ಆರಾ ಮಶೀನಿನ ಬೆನ್ನುಪಟ್ಟಿ

ನವೆಂಬರ್ ೫, ಮಂಗಳವಾರ

ನಾನು ಬಾಯಿ ತೆರೆದರೆ ಸೊನ್ನ ಬ್ಯಾರೇಜಿನ ಗೇಟು ಎತ್ತಿದಂತಾಗುತ್ತದೆ ಎಂಬುದು ನಮ್ಮ ಹುಜೂರರ ಬಹುಕಾಲದ ಫಿರ್ಯಾದು. ಆದಕಾರಣ ಇಂದಿನಿಂದ ಗೇಟನ್ನು ಈ ಹಾಳೆಗಳ ಮೇಲೆ ಎತ್ತುವುದೆಂದು ತೀರ್ಮಾನಿಸಿದ್ದೇನೆ. ಕಾಗದಕ್ಕೆ ನೆರೆ ಬಂದರೆ ಅಫಜಲಪುರಕ್ಕೇನೂ ಅಪಾಯವಿಲ್ಲ.

ಹುಜೂರ್ ಎಂದರೆ ನನ್ನ ಗಂಡ ಗೌಸಮೊಹಿದ್ದೀನ, ಊರಿನವರ ಬಾಯಲ್ಲಿ ಗೌಸ್ ಉಸ್ತಾದ್. ನಾನು ಅಂಜುಮ, ಅವರ ಎರಡನೆಯ ಹೆಂಡತಿ. ಮೊದಲನೆಯವಳು ಮನೆ ಮುಂದಿನ ಕಟಗಿ ಅಡ್ಡೆಯಲ್ಲಿರುವ, ಕಟ್ಟಿಗೆ ಸೀಳುವ ಆರಾ ಮಶೀನು. ಬೀಡುಕಬ್ಬಿಣದ ಮೇಜು, ನಡುವೆ ಎದ್ದು ನಿಂತ ದುಂಡು ಬ್ಲೇಡು, ಕೆಳಗೆ ಮೋಟಾರು. ನನ್ನ ಮಾವ ತಂದದ್ದು. ವಯಸ್ಸಿನಲ್ಲಿ ನನಗಿಂತ ಹಿರಿಯಳು, ಮರ್ಯಾದೆಯಲ್ಲಂತೂ ಕೇಳುವುದೇ ಬೇಡ. ಅವಳು ಓಡುವಾಗ ನಾನು ಊಟಕ್ಕೆ ಎಷ್ಟು ಕೂಗಿದರೂ ಹುಜೂರರಿಗೆ ಕೇಳಿಸುತ್ತಿರಲಿಲ್ಲ. ಮಶೀನು ಓಡುವಾಗ ಹೊರಗಿನ ಮಾತು ಕೇಳಿಸುವುದಿಲ್ಲ ಎನ್ನುತ್ತಿದ್ದರು. ಬಾಗಿಲಲ್ಲಿ ಗಿರಾಕಿ ಕೆಮ್ಮಿದರೆ ಕೇಳಿಸುತ್ತಿತ್ತು. ಗಿರಾಕಿಗಳ ಕೆಮ್ಮು ಬಹುಶಃ ಬೇರೆ ಜಾತಿಯದು.

ಹೋದ ತಿಂಗಳು ಈ ಹಿರಿಯಾಕೆ ಅವರನ್ನು ಒದ್ದಳು. ಜಾಲಿ ಹಲಗೆ ಸೀಳುತ್ತಿದ್ದಾಗ ಅದು ಬ್ಲೇಡಿಗೆ ಕಚ್ಚಿಕೊಂಡು ಹಿಂದಕ್ಕೆ ಹಾರಿ ಬಲಗೈ ಮಣಿಕಟ್ಟಿಗೆ ಬಡಿಯಿತು. ಕೈಗೆ ಪ್ಲಾಸ್ಟರು ಬಿತ್ತು. ಮೂಳೆ ಕೂಡುತ್ತದೆ, ಬೆರಳಿನ ಹಿಡಿತ ಮಾತ್ರ ಮೇಲಿನವನಿಗೆ ಬಿಟ್ಟದ್ದು ಎಂದರು ಡಾಕ್ಟರು. ಆ ಏಟಿಗೆ ಮಶೀನಿನ ಶಾಫ್ಟು ಬಾಗಿತು, ಬೇರಿಂಗು ಒಡೆದವು. ಹೀಗೆ ಗಂಡ ಹೆಂಡತಿ ಒಟ್ಟಿಗೇ ಹಾಸಿಗೆ ಹಿಡಿದಿದ್ದಾರೆ.

ಎಡಗೈಯಿಂದ ಉಣ್ಣುವುದು ನಮ್ಮಲ್ಲಿಲ್ಲ. ಆದ್ದರಿಂದ ನಾನೇ ತುತ್ತು ಮಾಡಿ ಬಾಯಿಗಿಡುತ್ತೇನೆ. ಇವತ್ತು ರೊಟ್ಟಿಯ ಜೊತೆ ನನ್ನ ಬೆರಳನ್ನೂ ಕಚ್ಚಿದರು. ಮಜಾಕಿಗೆ.

ಸಂಜೆ ನಿಂಬರ್ಗಾದ ದೌಲತರಾಯ ಬಂದರು. ಹೊಸ ಮನೆಯ ಬಾಗಿಲು ಚೌಕಟ್ಟುಗಳಿಗೆಂದು ಅವರು ಹಾಕಿಸಿದ ಕಟ್ಟಿಗೆ ಅಡ್ಡೆಯಲ್ಲೇ ಬಿದ್ದಿದೆ. ಈ ತಿಂಗಳೊಳಗೆ ಮಶೀನು ಓಡದಿದ್ದರೆ ಕಟ್ಟಿಗೆ ವಾಪಸು ಒಯ್ಯುತ್ತೇನೆ ಎಂದರು. ಹುಜೂರ್, ಮಶೀನನ್ನೇ ಗುಜರಿಗೆ ಹಾಕುತ್ತೇನೆ ಎಂದರು. ಹೊಸ ಸಾಮಾನು ತಂದು ಕೂಡಿಸಿದರೆ ಓಡುತ್ತದೆ, ನಾನೇ ಕೂಡಿಸುತ್ತೇನೆ ಎಂದು ನನ್ನ ಬಾಯಿಂದ ಹೊರಬಿತ್ತು. ಗೇಟು.

ಮನೆಯಲ್ಲಿ ನಮ್ಮ ಮಾತು ಉರ್ದು. ನನ್ನನ್ನು ಬಯ್ಯಲಿಕ್ಕೆ ಮಾತ್ರ ಹುಜೂರ್ ಕನ್ನಡ ಬಳಸುತ್ತಾರೆ, ಗಿರಾಕಿಗಳಿಗೂ ತಿಳಿಯಲಿ ಎಂಬ ಉದಾರ ಬುದ್ಧಿಯಿಂದ.

"ಏ ಬೇ, ನಿನ್ನ ಕೈಯಾಗ ಬಳಿ ಅದಾವ, ತಲಿಯಾಗ ಅಕಲ ಇಲ್ಲ," ಎಂದರು. "ಆತು, ಕೂಡಸು. ಮೊದಲ ಕಟಾಯಿ ನಿಂದ, ಅಡ್ಡಾನೂ ನಿಂದ. ಓಡಲಿಲ್ಲಂದ್ರ ಮಶೀನ ಗುಜರಿಗೆ, ನೀ ತವರಮನಿಗೆ."

ಮೊದಲ ಕಟಾಯಿ ಎಂದರೆ ಸಣ್ಣ ಮಾತಲ್ಲ. ಶಾಫ್ಟು ಬಿಚ್ಚಿದ ಮಶೀನನ್ನು ಮತ್ತೆ ಶುರು ಮಾಡುವಾಗ ಲೋಬಾನ ಹಾಕಿ, ಸಕ್ಕರೆ ಹಂಚಿ, ಉಸ್ತಾದನಾದವನು ಬೇವಿನ ತುಂಡೊಂದನ್ನು ಸೀಳುತ್ತಾನೆ. ಒಂದು ಹೋಳನ್ನು ಅಡ್ಡೆಯ ಬಾಗಿಲ ಮೇಲೆ ಮೊಳೆ ಹೊಡೆಯುತ್ತಾರೆ. ಹೋಳು ಯಾರದೋ ಅಡ್ಡೆ ಅವರದು. ಮಾವನ ಹೋಳು ಹುಳು ಹಿಡಿದು ನೇತಾಡುತ್ತಿದೆ, ಪಕ್ಕದಲ್ಲಿ ಹುಜೂರರದು.

ಮಗನ ಹೊರಸಿನ ಪಕ್ಕದಲ್ಲೇ ತಮ್ಮ ಹೊರಸು ಹಾಕಿಸಿಕೊಂಡಿರುವ ಅತ್ತೆ ಪ್ಯಾರಿಬಿಗೆ ಬಾಯಲ್ಲಿ ಉಳಿದಿರುವುದು ಮೂರು ಹಲ್ಲು. ಮಜಾಕು ಎಷ್ಟು ದೊಡ್ಡದೆಂದು ಅಳೆಯಲು ನಮ್ಮ ಮನೆಯಲ್ಲಿ ಅವೇ ಮಾಪು. ತವರುಮನೆಯ ಮಾತಿಗೆ ಮೂರೂ ಕಂಡವು. ದೌಲತರಾಯರು ನಕ್ಕರು, ನಾನೂ ನಕ್ಕೆ. ನಗದಿದ್ದರೆ ಹೆಂಗಸರಿಗೆ ಮಜಾಕು ತಿಳಿಯುವುದಿಲ್ಲ ಎಂಬ ಇನ್ನೊಂದು ಮಜಾಕು ಬರುತ್ತದೆ.

ನವೆಂಬರ್ ೭, ಗುರುವಾರ

ಇಂದು ಹಿರಿಯಾಕೆಯ ಶಸ್ತ್ರಚಿಕಿತ್ಸೆ. ಬ್ಲೇಡನ್ನು ಬಿಗಿಹಿಡಿದ ದೊಡ್ಡ ನಟ್ಟು ಬಿಚ್ಚಬೇಕಿತ್ತು. ಬೆಳಿಗ್ಗೆಯಿಂದ ಪಾನಾ ಹಾಕಿ ಎಳೆದೆ, ಒದ್ದೆ, ಪಾನಾಕ್ಕೆ ಪೈಪು ತೊಡಿಸಿ ಜೋತುಬಿದ್ದೆ. ಹುಜೂರ್ ಕುರ್ಚಿ ತರಿಸಿಕೊಂಡು ಎದುರು ಕೂತಿದ್ದರು. ದಾರಿಯಲ್ಲಿ ಹೋಗುವವರನ್ನು ಕರೆದು ಚಹಾ ಕುಡಿಸಿ ತೋರಿಸಿದರು. ಜೋರ್ ಲಗಾ ಕೆ ಎಂದು ತಾಳ ಹಾಕಿದವರೂ ಇದ್ದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಪಾನಾ ಜಾರಿ, ಬೆರಳ ಗೆಣ್ಣುಗಳ ಚರ್ಮ ಮೇಜಿನ ಅಂಚಿಗೆ ಅಂಟಿಕೊಂಡು ಉಳಿಯಿತು.

ರಕ್ತ ನೋಡಿದ ಮೇಲೆ ಹುಜೂರ್ ಬಾಯಿಬಿಟ್ಟರು. ಅದು ಉಲ್ಟಾ ಥ್ರೆಡ್ಡಂತೆ. ನಾನು ಬಿಚ್ಚುತ್ತಿದ್ದೇನೆಂದು ತಿಳಿದು ಬೆಳಗಿನಿಂದ ಬಿಗಿಮಾಡುತ್ತಿದ್ದೆನಂತೆ. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಕಲೀಲಿ ಅಂತ ಬಿಟ್ಟೆ ಬೇ. ಕಷ್ಟ ಪಟ್ಟ ಕಲ್ತಿದ್ದು ಮರಿಯಂಗಿಲ್ಲ."

ಅತ್ತೆ: ಮೂರು ಹಲ್ಲು. ನಾನೂ ನಕ್ಕೆ. ನಿಜಕ್ಕೂ ನಗು ಬರುವ ಸಂಗತಿಯೇ.

ನವೆಂಬರ್ ೮, ಶುಕ್ರವಾರ

ಕೈ ಊದಿದೆ. ಅದೇ ಕೈಯಿಂದ ತುತ್ತಿಟ್ಟೆ. ಉಪ್ಪು ಹೆಚ್ಚಾಗಿದೆ ಎಂದರು. ಗಾಯಕ್ಕೂ ಹಾಗೇ ಅನ್ನಿಸಿತು.

ನವೆಂಬರ್ ೧೨, ಮಂಗಳವಾರ

ಜೇವರ್ಗಿಗೆ ಹೋಗಿ ಬಂದೆ. ಬಾಗಿದ ಶಾಫ್ಟನ್ನು ಹಳೆ ಚಾದರದಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಬಸ್ಸಿನಲ್ಲಿ ಪಕ್ಕದಾಕೆ ಕೂಸಿಗೆ ಎಷ್ಟು ತಿಂಗಳು ಎಂದು ಕೇಳಿದಳು. ಐವತ್ತು ವರ್ಷ ಎಂದೆ. ಅಂದೋಲಾ ಮಠಕ್ಕೆ ಹೊರಟಿದ್ದಾಕೆ, ಕಿಟಕಿಯ ಕಡೆ ಸರಿದು ಕೂತಳು.

ಅಲ್ಲಿ ಲೇತ್ ಅಂಗಡಿಯ ಅಜರುದ್ದೀನ ಎಂಬುವರು ಹುಜೂರರಿಗೆ ಹಳೆಯ ಗುರುತು. ಶಾಫ್ಟನ್ನು ತಿರುಗಿಸಿ ನೋಡಿ, ಇದು ನೆಟ್ಟಗಾಗುವ ಜಾತಿಯಲ್ಲ, ಹೊಸದೇ ಕಡೆದುಕೊಡುತ್ತೇನೆ ಎಂದರು. ಬೇರಿಂಗಿನ ನಂಬರು ಓದಿ ಪಕ್ಕದ ಅಂಗಡಿಯಿಂದ ಜೊತೆ ತರಿಸಿದರು. ಮೋಟಾರಿನಿಂದ ಶಾಫ್ಟು ತಿರುಗಿಸುವ ಪಟ್ಟಾ ಕೂಡ ಅಳತೆ ಪ್ರಕಾರ ಸಿಕ್ಕಿತು. ಆಮೇಲೆ ನನ್ನ ಮೊಬೈಲಿನಲ್ಲಿದ್ದ ಮಶೀನಿನ ಫೋಟೋ ನೋಡಿ ತಲೆ ಕೆರೆದುಕೊಂಡರು.

"ಬಾಜಿ, ಇದರ ಬೆನ್ನುಪಟ್ಟಿ ಎಲ್ಲೈತ್ರಿ?"

ಬ್ಲೇಡಿನ ಹಿಂದೆ ನಿಲ್ಲುವ ಒಂದು ಉಕ್ಕಿನ ಪಟ್ಟಿ ಇರಬೇಕಂತೆ. ಸೀಳಿದ ಕಟ್ಟಿಗೆಯ ಎರಡು ಹೋಳುಗಳು ಮತ್ತೆ ಒಂದನ್ನೊಂದು ಕೂಡಲು ಬರುತ್ತವೆ. ನಡುವೆ ಆ ಪಟ್ಟಿ ನಿಂತು ಬೇರೆ ಬೇರೆ ಇಡುತ್ತದೆ. ಇಲ್ಲದಿದ್ದರೆ ಹೋಳುಗಳು ಬ್ಲೇಡಿನ ಬೆನ್ನನ್ನು ಹಿಡಿದುಕೊಳ್ಳುತ್ತವೆ, ಬ್ಲೇಡು ಹಲಗೆಯನ್ನು ಎತ್ತಿ ಮನುಷ್ಯನ ಮೇಲೆ ಒಗೆಯುತ್ತದೆ. ಗೌಸಭಾಯಿಗೆ ಬಿದ್ದ ಏಟು ಅದೇ ಎಂದರು. ಪಟ್ಟಿ ಇಲ್ಲದೆ ಓಡಿಸುವುದಾದರೆ ಶಾಫ್ಟು ಕೊಡುವುದಿಲ್ಲ ಎಂದೂ ಹೇಳಿದರು.

ಬೇರೆಯಾದದ್ದು ಬೇರೆಯಾಗಿಯೇ ಇರಬೇಕು, ಕೂಡಲು ಹೋದರೆ ಒದೆ. ಸಂಸಾರದ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ನೋಡಿಲ್ಲ. ಲೇತ್ ಅಂಗಡಿಯಲ್ಲಿ.

ನೆಲದ ಮೇಲೆ ಸೀಮೆಸುಣ್ಣದಿಂದ ಪಟ್ಟಿಯ ಆಕಾರ ಬರೆದು ತೋರಿಸಿದರು: ಕುಡುಗೋಲಿನ ಹಾಗೆ ಒಳಬಾಗು, ಬುಡದಲ್ಲಿ ಬೋಲ್ಟು ಕೂರಲು ಉದ್ದನೆಯ ಸೀಳು. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲೆಂದು ಹೊಳೆಯಲಿಲ್ಲ.

ನವೆಂಬರ್ ೧೬, ಶನಿವಾರ

ಆಳಂದಕ್ಕೆ ಹೋಗಿ ಬಂದೆ. ಹುಜೂರರೇ ಕಳಿಸಿದ್ದು. ಬೆನ್ನುಪಟ್ಟಿಯ ಮಾತು ಎತ್ತಿದಾಗ ಬಹಳ ಹೊತ್ತು ಗಡ್ಡ ನೀವಿಕೊಂಡು, ಆಳಂದದಲ್ಲಿ ಖಮರ ಮಿಸ್ತ್ರಿ ಎಂಬುವನ ಹತ್ತಿರ ಥೇಟು ಇಂಥದೇ ಮಶೀನಿದೆ, ಅದರ ಪಟ್ಟಿ ಕೇಳು ಎಂದು ಗುರುತು ಕೂಡ ಹೇಳಿದರು. ಮೊದಲ ಸಲ ನನ್ನ ಕೆಲಸಕ್ಕೆ ಮನಸ್ಸಿಟ್ಟು ಮಾತಾಡಿದರಲ್ಲ ಎಂದು ದಾರಿಯುದ್ದಕ್ಕೂ ಖುಷಿಯಾಗಿದ್ದೆ. ಅವರಿಗೆ ಬಿಸಿ ಬಿಸಿ ಏನಾದರೂ ಕಟ್ಟಿಸಿಕೊಂಡು ಬರಬೇಕು ಎಂದುಕೊಂಡೆ.

ಹೇಳಿದ ಜಾಗದಲ್ಲಿ ಬಳೆ ಅಂಗಡಿ ಇತ್ತು. ಖಮರ ಮಿಸ್ತ್ರಿ ತೀರಿಕೊಂಡು ಬಹಳ ಕಾಲವಾಯಿತಂತೆ, ಮಶೀನು ಅಂದೇ ಗುಜರಿಗೆ ಹೋಯಿತಂತೆ. ಬಳೆಯಾಕೆ ನನ್ನ ಕೈಹಿಡಿದು ಅಳತೆ ನೋಡಿದಳು. ಬಿಸಿಲಿನಲ್ಲಿ ಗುಜರಿ ಅಂಗಡಿಗಳನ್ನೆಲ್ಲ ತಿರುಗಿದೆ. ಎಲ್ಲಿಯೂ ಇಲ್ಲ.

ಮನೆಗೆ ಬಂದು ಹೇಳಿದರೆ ಹುಜೂರ್, ಬಳೆ ತರಲಿಲ್ಲವೇನು ಎಂದು ಕೇಳಿದರು. ನಾನಿನ್ನೂ ಬಳೆ ಅಂಗಡಿಯ ಮಾತು ಹೇಳಿರಲಿಲ್ಲ.

ನವೆಂಬರ್ ೧೭, ಭಾನುವಾರ

ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ.

ನನ್ನ ಈಳಿಗೆಯ ಇತಿಹಾಸವನ್ನು ಇಲ್ಲಿ ದಾಖಲಿಸುವುದು ಅವಶ್ಯ. ನಿಕಾಹ್ ಆದ ಹೊಸತರಲ್ಲಿ ಹುಜೂರ್ ನನಗೆ ಕೊಟ್ಟ ಮೊದಲ ಕಾಣಿಕೆ ಅದು. ತಮ್ಮ ಕೈಯಾರೆ ಮಾಡಿದ್ದು, ಇಂಥ ಉಕ್ಕು ಬಾಜಾರದಲ್ಲಿ ಸಿಗುವುದಿಲ್ಲ ಎಂದಿದ್ದರು. ಅಲಗಿನ ಬುಡದಲ್ಲಿ, ಹಲಗೆಗೆ ಕೂರಿಸಿದ ಕಡೆ, ಒಂದು ಉದ್ದನೆಯ ಸೀಳಿದೆ. ಅದನ್ನು ನಾನು ನಕ್ಷೆ ಎಂದುಕೊಂಡಿದ್ದೆ. ತವರಿಗೆ ಹೋದಾಗ ಅಕ್ಕತಂಗಿಯರಿಗೆ ಆ ನಕ್ಷೆಯ ಬಗ್ಗೆ ಹೇಳಿಕೊಂಡದ್ದೂ ಉಂಟು.

ಕುಡುಗೋಲಿನ ಹಾಗೆ ಒಳಬಾಗು. ಬುಡದಲ್ಲಿ ಸೀಳು. ಅರ್ಧ ಉಳ್ಳಾಗಡ್ಡಿ ಹಾಗೇ ಬಿಟ್ಟು, ಈಳಿಗೆಯನ್ನು ಎತ್ತಿಕೊಂಡು ಹೋಗಿ ಬ್ಲೇಡು ಕೂರುವ ಜಾಗದ ಹಿಂದೆ ಹಿಡಿದು ನೋಡಿದೆ. ಮಶೀನಿನ ಬೋಲ್ಟು ಸೀಳಿನೊಳಗೆ ತಂತಾನೇ ಕೂತಿತು. ಇಷ್ಟು ವರ್ಷ ನಾನು ಹೆಚ್ಚಿದ ಬದನೆಕಾಯಿ, ಪುಂಡಿಪಲ್ಯೆ, ಬಕ್ರೀದಿನ ಉಳ್ಳಾಗಡ್ಡಿಯ ರಾಶಿ, ಎಲ್ಲವೂ ಹಿರಿಯಾಕೆಯ ಬೆನ್ನೆಲುಬಿನ ಮೇಲೆಯೇ.

ಊಟದ ಹೊತ್ತಿಗೆ ತುತ್ತು ಇಡುತ್ತ ಮೆಲ್ಲಗೆ ಕೇಳಿದೆ, ಬೆನ್ನುಪಟ್ಟಿ ಎಲ್ಲಿದೆ ಎಂದು ನಿಮಗೆ ಗೊತ್ತಿತ್ತೇ ಎಂದು. ಅವರು ಅಗಿಯುವುದನ್ನು ಮುಗಿಸಿ, ನುಂಗಿ, ನೀರು ಕೇಳಿ ಕುಡಿದರು.

"ಆಳಂದ ನೋಡಿಕೊಂಡ ಬಂದೀಯಲ್ಲ," ಎಂದರು. "ಅದೇನ ಕಮ್ಮಿ ಆತೇನು?"

ಅತ್ತೆ ನಕ್ಕರು. ಎಷ್ಟು ಹಲ್ಲೆಂದು ಇವತ್ತು ನೋಡಲಿಲ್ಲ.

ಲೆಕ್ಕ ಹಾಕಿದರೆ ಹುಜೂರರ ಕೈ ಮುರಿದದ್ದು ಅವರು ನನಗೆ ಕೊಟ್ಟ ಕಾಣಿಕೆಯಿಂದ. ಪಟ್ಟಿ ಮಶೀನಿನಲ್ಲಿ ಇದ್ದಿದ್ದರೆ ಹಲಗೆ ಹಾರುತ್ತಿರಲಿಲ್ಲ. ಇದನ್ನು ಯೋಚಿಸಿ ನನಗೆ ಅಯ್ಯೋ ಅನ್ನಿಸಬೇಕಿತ್ತು. ಒಲೆಯ ಮೇಲೆ ಹಾಲಿತ್ತು, ಆ ಗಡಿಬಿಡಿಯಲ್ಲಿ ಮರೆತುಹೋಯಿತು.

ನವೆಂಬರ್ ೨೧, ಗುರುವಾರ

ಹೊಸ ಶಾಫ್ಟು ಬಂತು. ಬೇರಿಂಗುಗಳನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕೂರಿಸಿದೆ. ಈಳಿಗೆಯನ್ನು ಹಲಗೆಯಿಂದ ಬಿಡಿಸಿ, ಅಜರುದ್ದೀನರು ಫೋನಿನಲ್ಲಿ ಹೇಳಿದಂತೆ ಅಲಗಿನ ಹರಿತ ತೆಗೆದು, ದಪ್ಪ ನೋಡಿದೆ. ಬ್ಲೇಡಿನ ಮೈಗಿಂತ ದಪ್ಪ, ಹಲ್ಲಿನ ಹರವಿಗಿಂತ ತೆಳು. ಹೀಗೇ ಇರಬೇಕಂತೆ. ಬ್ಲೇಡಿನ ನೇರಕ್ಕೆ ಪಟ್ಟಿ ಹಿಡಿದು ಬೋಲ್ಟು ಬಿಗಿಮಾಡಿದೆ. ನಟ್ಟನ್ನು ಉಲ್ಟಾ ತಿರುಗಿಸಿದೆ. ಕಷ್ಟಪಟ್ಟು ಕಲಿತದ್ದು ಮರೆಯುವುದಿಲ್ಲ.

ಬಳೆ ತೆಗೆದಿಟ್ಟಿದ್ದೆ. ಬ್ಲೇಡಿನ ಹತ್ತಿರ ಬಳೆ ಇರಬಾರದು. ಹುಜೂರರ ಮುಖ ಕಪ್ಪಾಯಿತು. ನಾನಿನ್ನೂ ಬದುಕಿದ್ದೇನೆ, ಬಳೆ ಯಾಕೆ ತೆಗೆದೆ, ನಾನು ಸತ್ತೆನೇನು ಎಂದರು.

"ಇನ್ನಾ ಇಲ್ರಿ," ಎಂದೆ.

ಅತ್ತೆಯ ಒಂದು ಹಲ್ಲು ಕಂಡಿತು. ತಕ್ಷಣ ಸೆರಗಿನಿಂದ ಮುಚ್ಚಿಕೊಂಡರು. ಆದರೆ ಕಂಡದ್ದು ಕಂಡದ್ದೇ.

ಇನ್ನೊಂದು ವಿನೋದ. ನಾನು ಪಟ್ಟಾ ಏರಿಸುತ್ತಿದ್ದಾಗ ಹುಜೂರ್ ಹಿತ್ತಲಿಗೆ ಹೋಗುವ ಅವಸರದಲ್ಲಿ ಪೈಜಾಮಾದ ಲಾಡಿಯೊಡನೆ ಒಂದೇ ಕೈಯಲ್ಲಿ ಒದ್ದಾಡುತ್ತಿದ್ದರು. ಗಂಟು ಹಾಕಿದವಳು ನಾನು, ಯಾವ ತುದಿ ಎಳೆದರೆ ಬಿಚ್ಚುತ್ತದೆಂದು ನನಗೆ ಗೊತ್ತು. ಅವರು ಬೇರೆ ತುದಿ ಎಳೆದೆಳೆದು ಗಂಟನ್ನು ಕಲ್ಲು ಮಾಡಿದರು. ಒಮ್ಮೆ ನನ್ನ ಕಡೆ ನೋಡಿದರು, ಕರೆಯಲಿಲ್ಲ. ಕಲಿಯಲಿ ಎಂದು ಬಿಟ್ಟೆ.

ಒಗೆಯಲು ಒಂದು ಪೈಜಾಮಾ ಹೆಚ್ಚಾಯಿತು.

ನವೆಂಬರ್ ೨೪, ಭಾನುವಾರ

ಪಟ್ಟಾದ ಬಿಗಿ ಕೇಳಲು ಅಜರುದ್ದೀನರಿಗೆ ಫೋನು ಮಾಡಿದೆ. ಅವರು ಕೂಡಲೇ ಸಲಾಮ್ ಹೇಳಿ, ಕೈ ಹೇಗಿದೆ ಗೌಸಭಾಯಿ ಎಂದರು. ನಾನು ಅಂಜುಮ ಎಂದೆ. ಮಾತಿನ ಧಾಟಿ ಕೇಳಿ ಅವರೇ ಎಂದುಕೊಂಡೆ ಬಾಜಿ, ಮಾಫ್ ಮಾಡ್ರಿ ಎಂದರು.

ಗಂಟಲಿಗೆ ಕಟ್ಟಿಗೆ ಹುಡಿ ಹೋಗಿರಬೇಕು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದೆ.

ಮನೆಯಲ್ಲಿ ಈಗ ಈಳಿಗೆ ಇಲ್ಲ. ಪಲ್ಯೆ ಯಾವುದರಿಂದ ಹೆಚ್ಚುವುದು ಎಂದು ಅತ್ತೆ ಕೇಳಿದರು. ನಿಮ್ಮ ಮಗನ ನಾಲಿಗೆಯಿಂದ, ಅದರಷ್ಟು ಹರಿತದ್ದು ಈ ತಾಲೂಕಿನಲ್ಲಿಲ್ಲ ಎಂದೆ. ಎರಡು ಹಲ್ಲು. ಈ ಸಲ ಸೆರಗು ಅಡ್ಡ ಬರಲಿಲ್ಲ. ಹುಜೂರ್ ಗೋಡೆಯ ಕಡೆ ತಿರುಗಿ ಮಲಗಿದರು. ಪಾಪ, ಬೆನ್ನಿಗೆ ಗಾಳಿ ಬೇಕಾಗಿತ್ತೇನೋ.

ನವೆಂಬರ್ ೨೯, ಶುಕ್ರವಾರ

ಇಂದಿನ ದಿನ ಬಂಗಾರದ ಅಕ್ಷರದಲ್ಲಿ ಬರೆಯತಕ್ಕದ್ದು. ಮನೆಯಲ್ಲಿ ಬಾಲ್‌ಪೆನ್ನು ಮಾತ್ರ ಇದೆ.

ಜುಮ್ಮಾ ನಮಾಜು ಮುಗಿದ ಮೇಲೆ ಮೊದಲ ಕಟಾಯಿ ಎಂದು ನಿಶ್ಚಯವಾಗಿತ್ತು. ದೌಲತರಾಯರು ಬಂದರು, ಓಣಿಯವರು ಬಂದರು, ಉಲ್ಟಾ ನಟ್ಟಿನ ದಿನ ತಾಳ ಹಾಕಿದವರೆಲ್ಲ ಬಂದರು. ಲೋಬಾನ ಹಾಕಿದೆವು, ಸಕ್ಕರೆ ಹಂಚಿದೆವು. ಗುಂಡಿ ಒತ್ತಿದೆ. ಹಿರಿಯಾಕೆ ಒಮ್ಮೆ ಗಂಟಲು ಸರಿಮಾಡಿಕೊಂಡು, ಹೊಸ ಶಾಫ್ಟಿನ ಮೇಲೆ ಎಣ್ಣೆ ಹಾಕಿದಂತೆ ತಿರುಗತೊಡಗಿದಳು. ಕಂಪನವಿಲ್ಲ, ಕಿರಿಕಿರಿಯಿಲ್ಲ. ಬ್ಲೇಡಿನ ಬೆನ್ನಿಗೆ ನನ್ನ ಈಳಿಗೆ ಪೊಲೀಸನ ಹಾಗೆ ನಿಂತಿತ್ತು.

ಆಗ ಹುಜೂರರ ಆಗಮನ. ಸ್ನಾನ ಮಾಡಿ, ಈದಿನ ಬಿಳಿ ಅಂಗಿ ತೊಟ್ಟಿದ್ದರು. ಗುಂಡಿಗಳನ್ನು ಅತ್ತೆ ಹಾಕಿಕೊಟ್ಟಿರಬೇಕು, ಒಂದು ಮೇಲೆ ಕೆಳಗಾಗಿತ್ತು. ಅತ್ತರು ಹಚ್ಚಿದ್ದರು. ಪ್ಲಾಸ್ಟರು ತೆಗೆದ ಬಲಗೈ ತೊಳೆದಿಟ್ಟ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಎಡಗಂಕುಳಲ್ಲಿ ಬೇವಿನ ತುಂಡೊಂದನ್ನು ಅವುಚಿಕೊಂಡಿದ್ದರು. ಹಿತ್ತಲಿನ ಸೌದೆಯಲ್ಲಿ ಹುಡುಕಿ, ತೊಗಟೆ ತೆಗೆದು, ನೆಟ್ಟಗಿರುವುದನ್ನೇ ಆರಿಸಿ ತಂದಿದ್ದರು.

ನನ್ನ ಹತ್ತಿರ ಬಂದು, ಉರ್ದುವಿನಲ್ಲಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು: ಒಂದೇ ಸಲ. ನಾನು ಎಡಗೈಯಲ್ಲಿ ಹಿಡಿಯುತ್ತೇನೆ, ನೀನು ಜೊತೆಗೆ ಹಿಡಿ. ಆಮೇಲೆ ಎಲ್ಲ ನಿನ್ನದೇ.

ಅವರು ಉರ್ದುವಿನಲ್ಲಿ ಇಷ್ಟು ಮೆತ್ತಗೆ ಮಾತಾಡಿದ್ದು ನಿಕಾಹ್ ಆದ ಹೊಸತರಲ್ಲಿ, ಈಳಿಗೆ ಕೊಟ್ಟ ದಿನ. ಎಲ್ಲರೂ ನೋಡುತ್ತಿದ್ದರು. ನಾನು ಅವರ ಕಂಕುಳಿನಿಂದ ತುಂಡನ್ನು ಎಳೆದುಕೊಂಡೆ. ಉತ್ತರವನ್ನು ಕನ್ನಡದಲ್ಲೇ ಹೇಳಿದೆ, ದೌಲತರಾಯರಿಗೂ ತಿಳಿಯಲಿ ಎಂದು.

"ಇದು ಕೈ ಇದ್ದೋರ ಕೆಲಸ ಐತ್ರಿ, ಹುಜೂರ. ನೀವು ಕುರ್ಚಿ ಮ್ಯಾಲ ಕುಂತು ತಾಳ ಹಾಕ್ರಿ."

ಓಣಿ ಗೊಳ್ಳೆಂದಿತು. ನಾನು ಅತ್ತೆಯ ಕಡೆ ನೋಡಿದೆ. ಮೂರು. ಈ ಮನೆಗೆ ಬಂದಾಗಿನಿಂದ ನನ್ನ ಮಾತಿಗೆ ಮೂರೂ ಹಲ್ಲು ಕಂಡದ್ದು ಇದೇ ಮೊದಲು. ಕಣ್ಣು ಮಂಜಾಯಿತು. ಕಟ್ಟಿಗೆ ಹುಡಿ.

ತುಂಡು ಬೆಣ್ಣೆಯ ಹಾಗೆ ಸೀಳಿತು. ಎರಡು ಹೋಳು, ನಡುವೆ ಪಟ್ಟಿ, ಒದೆಯಿಲ್ಲ. ಮಾವನ ಹೋಳನ್ನು ತೆಗೆದು ನನ್ನದನ್ನು ಹೊಡೆಯೋಣ ಎಂದಿದ್ದೆ. ದೌಲತರಾಯರ ಆಳು ತಪ್ಪಿ ಹುಜೂರರದನ್ನು ಕಿತ್ತ. ಅದನ್ನು ಮತ್ತೆ ಮೊಳೆ ಹೊಡೆಯುವ ತೊಂದರೆ ಯಾಕೆಂದು ಒಲೆಗೆ ಹಾಕಿದೆ. ಚೆನ್ನಾಗಿ ಉರಿಯಿತು.

ಎಲ್ಲರೂ ನಕ್ಕರು, ಹುಜೂರ್ ಒಬ್ಬರನ್ನು ಬಿಟ್ಟು. ಗಂಡಸರಿಗೆ ಮಜಾಕು ತಿಳಿಯುವುದಿಲ್ಲ.

ಡಿಸೆಂಬರ್ ೩, ಮಂಗಳವಾರ

ಬರೆಯಲು ಪುರುಸೊತ್ತಿಲ್ಲ. ಮೊದಲ ಚೌಕಟ್ಟು ನಿಂಬರ್ಗಾಕ್ಕೆ ಹೋಯಿತು. ಊರಿನವರು ಉಸ್ತಾದಣಿ ಎಂದು ಕರೆಯುತ್ತಿದ್ದಾರೆ. ಅತ್ತೆ ಹೊರಸನ್ನು ಅಡ್ಡೆಗೇ ಹಾಕಿಸಿಕೊಂಡಿದ್ದಾರೆ. ಇಲ್ಲಿ ಜನ ಬರುತ್ತಾರೆ, ನಗುವ ಮಾತು ಇರುತ್ತದೆ, ಒಳಗೆ ಬರೀ ಗೋಡೆ ಎನ್ನುತ್ತಾರೆ.

ಹುಜೂರರಿಗೆ ಹುಡಿ ಗುಡಿಸುವ ಕೆಲಸ ಕೊಟ್ಟಿದ್ದೆ, ಎಡಗೈಗೆ ವ್ಯಾಯಾಮ ಆಗಲಿ ಎಂದು. ಎರಡು ದಿನ ಗುಡಿಸಿದರು. ಇವತ್ತು ಬರಲಿಲ್ಲ. ಒಳ್ಳೆಯ ಆಳು ಸಿಗುವುದು ಈಗಿನ ಕಾಲದಲ್ಲಿ ಕಷ್ಟ.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯೆ ತಟ್ಟೆಗೆ ಹಾಕಿ ಅವರ ಮುಂದಿಟ್ಟೆ. ಅವರು ಎಂದಿನಂತೆ ಬಾಯಿ ತೆರೆದು ಕಾದರು. ನನ್ನ ಕೈಗೆ ಗ್ರೀಸು ಮೆತ್ತಿತ್ತು, ಹೊರಗೆ ಗಿರಾಕಿ ಕೆಮ್ಮುವುದು ಕೇಳಿಸಿತು. ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಬಂದೆ.

ಈಗ ಸಂಜೆಯಾಗಿದೆ. ತಟ್ಟೆ ಮುಚ್ಚಿದ್ದು ಮುಚ್ಚಿದಂತೇ ಇದೆ. ಹಸಿವಾಗಿದ್ದರೆ ಕೂಗುತ್ತಿದ್ದರು. ಕೂಗಿದ್ದರೂ ಕೂಗಿರಬಹುದು. ಮಶೀನು ಓಡುವಾಗ ಹೊರಗಿನ ಮಾತು ಕೇಳಿಸುವುದಿಲ್ಲ.